ಕುಟ್ಟಾಣಿಯ ಕೋಲು

ಮಲೇಷ್ಯಾದ ಪೆನಾಂಗಿನ ಹಳೆಯ ಮನೆಗಳಿಗೆ ಉಚಿತ ಪ್ರವೇಶವಿದ್ದ ಶನಿವಾರ, ಹತ್ತು ಗಂಟೆಗೆ ಹಿಂದಿನ ಕಾಲದ ವರ್ತಕನೊಬ್ಬನ ಮನೆಯ ಬಾಗಿಲು ತೆರೆಯಿತು. ಹತ್ತೂಕಾಲಿಗೆ ನೋಡಲು ಬಂದವರ ಗುಂಪು ಅಡುಗೆಮನೆ ತಲುಪಿತು. ಮಾರ್ಗದರ್ಶಿ ವೀ ಕಿಯಾಟ್ ಕುಟ್ಟಾಣಿಯ ಮರದ ಕೋಲನ್ನು ಎತ್ತಿ ತೋರಿಸಿದ. “ಈ ಮನೆಯ ಯಜಮಾನಿ ಸಾಂಬಲ್, ಅಂದರೆ ಮೆಣಸಿನಕಾಯಿ ಚಟ್ನಿ, ತಾವೇ ಕುಟ್ಟುತ್ತಿದ್ದರು.”

ಗುಂಪಿನಲ್ಲಿದ್ದ ಸ್ಯೂ ಗೇಕ್‌ಳ ಮೈ ಉರಿಯಿತು. “ಮೂವತ್ತು ವರ್ಷ ಇಲ್ಲಿ ಅಡುಗೆ ಕೆಲಸಕ್ಕಿದ್ದು ಕುಟ್ಟಿದ್ದು ನಮ್ಮಮ್ಮ! ಆ ಯಜಮಾನಿ ಮಹಾತಾಯಿ ಒಳಗೆ ಬರ್ತಿದ್ದಿದ್ದು ಖಾರ ಸಾಲದು ಅಂತ ಬೈಯೋಕೆ.”

“ಬೋರ್ಡಲ್ಲಿ ಹಾಗೇ ಬರೆದಿದೆಯಲ್ಲ, ಆಂಟಿ,” ಎಂದು ಅವನು ನಕ್ಕ.

“ಬೋರ್ಡು ಸಾಂಬಲ್ ಕುಟ್ಟುತ್ತೇನಪ್ಪಾ? ಗೋಡೆ ಮೇಲಿನ ಫೋಟೋ ನೋಡು, ನಿನ್ನ ಯಜಮಾನಿ ಪೆನ್ನು ಹಿಡಿದಿರೋದು ಬಲಗೈಲಿ. ನಮ್ಮಮ್ಮ ಎಡಚಿ. ಈಗ ಆ ಕೋಲನ್ನ ಕುಟ್ಟೋ ಹಾಗೆ ಹಿಡಿ.”

ಕೋಲಿನ ಮೇಲೆ ಬೆರಳುಗಳು ಸವೆಸಿದ ಐದು ಕುಳಿಗಳಿದ್ದವು. ವೀ ಕಿಯಾಟ್ ಬಲಗೈಯಲ್ಲಿ ಹಿಡಿದ, ಬೆರಳುಗಳು ಹೊಂದಲಿಲ್ಲ. ನಗು ನಿಲ್ಲಿಸಿ ಎಡಗೈಗೆ ಬದಲಾಯಿಸಿದ. ಐದೂ ಬೆರಳುಗಳು ಐದೂ ಕುಳಿಗಳಲ್ಲಿ ಕುಳಿತವು.