ಎರಡೂ ಕೈಯಲ್ಲಿ ಕೊಟ್ಟ ಎಲೆ

"ಏನಮ್ಮಾ, ಏಳು ಅಲ್ಲಿಂದ. ಅದು ಕೂರೋ ಕಲ್ಲಲ್ಲ," ಎಂದು ಕಾವಲುಗಾರ ಸೀಟಿ ಊದಿದಾಗ, ಇಂಕಾ ಕಾಲದ ಮುರುಕು ಗೋಡೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದ ಸಾಟುರ್ನಿನಾ ತಲೆಯೆತ್ತಿದಳು. ಊದಿದವನು ಎಲಿಸೆಯೊ, ಬರುವ ಭಾನುವಾರ ಅವಳ ಮಗಳನ್ನು ಮದುವೆಯಾಗಬೇಕಿದ್ದವನು. ಅವನ ಹಿಂದೆ ಪ್ರವಾಸಿಗರು ಫೋಟೊ ಹೊಡೆಯುತ್ತಿದ್ದರು.

"ನಮ್ಮ ಹಿರಿಯರು ಕಟ್ಟಿದ್ದು ಅಂತಾರೆ, ಒಂದ್ಸಲಾನೂ ನೋಡಿರ್ಲಿಲ್ಲ. ಅಳಿಯ ತೋರಿಸ್ತಾನೆ ಅಂತ ಹತ್ತಿ ಬಂದೆ ಕಣಪ್ಪಾ."

"ಯಾರಮ್ಮಾ ನೀನು? ಸಾಲಲ್ಲಿ ನಡಿ," ಎಂದವನು ಗುರುತೇ ಇಲ್ಲದವನಂತೆ ಪ್ರವಾಸಿಗರ ಕಡೆ ತಿರುಗಿ ನಕ್ಕ. "ಈ ಗುಡ್ಡದೋರೇ ಹೀಗೆ, ಕುರಿ ಥರ ಎಲ್ಲಂದ್ರಲ್ಲಿ ಕೂರ್ತಾರೆ."

ಸಾಟುರ್ನಿನಾ ಎದ್ದು, ಶಾಲಿನ ಗಂಟು ಬಿಚ್ಚಿ, ವೀಳ್ಯದಂತೆ ಅಗಿಯುವ ಮೂರು ಒಳ್ಳೆಯ ಕೋಕಾ ಎಲೆಗಳನ್ನು ಜೋಡಿಸಿ ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದಳು. ಹಾಗೆ ಕೊಟ್ಟ ಎಲೆಯನ್ನು ಅವರ ಕಡೆ ಜಗಳವಾಡಿದವರೂ ತೆಗೆದುಕೊಳ್ಳುತ್ತಾರೆ. ಬೇಡವೆಂದರೆ ನಂಟೇ ಬೇಡವೆಂದ ಹಾಗೆ. ಎಲಿಸೆಯೊ ಎಲೆ ನೋಡಿದ, ಕ್ಯಾಮೆರಾ ನೋಡಿದ, ಕೈಯನ್ನು ಜೇಬಿಗಿಳಿಸಿದ.

"ಕಸ ಹಾಕ್ಬೇಡಮ್ಮಾ ಇಲ್ಲಿ."

ಅವಳು ಎಲೆಗಳನ್ನು ತುಟಿಯ ಹತ್ತಿರ ತಂದು, ಎದುರಿನ ಹಿಮದ ಬೆಟ್ಟದ ದೇವರಿಗೆ ಒಪ್ಪಿಸುವಂತೆ ಅತ್ತ ಉಸಿರೂದಿ, ತನ್ನ ಬಾಯಿಗೇ ಹಾಕಿಕೊಂಡಳು.

"ಬೆಟ್ಟದಪ್ಪ ನೋಡ್ದ," ಎಂದಳು ಅಗಿಯುತ್ತಾ. "ಭಾನುವಾರ ನಮ್ಮನೆ ಕಡೆ ಬರ್ಬೇಡ. ಮಗಳಿಗೆ ನಾನೇ ಹೇಳ್ತೀನಿ."