ಕಾವಲಿನ ಬೊಂಬೆ

ಅಲಸಂಡೆ ಸಾಲಿನ ನಡುವೆ ಇದ್ದ ಬೆರ್ಚಪ್ಪನನ್ನು ಕೀತ್ ಮತ್ತೆ ಕಿತ್ತು ಬೇಲಿಯ ಹತ್ತಿರ ನೆಟ್ಟ. ಬೆಳಿಗ್ಗೆಯಿಂದ ಇದು ಮೂರನೇ ಜಾಗ. ಹುಲ್ಲು ತುಂಬಿದ ಆ ಬೊಂಬೆಗೆ ಹೆಂಡತಿ ಎಲ್ವಿಟಾ ತೊಡಿಸಿದ್ದು ಅವನದೇ ಹಳೆಯ ಹಡಗಿನ ಅಂಗಿ. "ಒಂದು ಕಡೆ ನಿಲ್ಲಿಕ್ಕೆ ಬಿಡಿ ಮಾರಾಯ್ರೆ. ನೀವೂ ಸ್ವಲ್ಪ ಕೂತುಕೊಳ್ಳಿ," ಎಂದಳು ಅವಳು, ಅಲಸಂಡೆ ಕೊಯ್ಯುತ್ತ.

ಪ್ರಯಾಣಿಕರ ಹಡಗಿನಲ್ಲಿ ಕೀತ್ ಬಡಿಸುವ ಕೆಲಸದವನು. ನಾಡಿದ್ದು ಕುಂಬಳೆಯಲ್ಲಿ ರೈಲು ಹತ್ತಿದರೆ ಮತ್ತೆ ಅದೇ ಸಮುದ್ರ. ಕಡಲ್ಗಳ್ಳರಿರುವ ಕಡೆ ನಾವೆಲ್ಲ ಒಳಗೆ ಬಾಗಿಲು ಹಾಕಿ ಕೂತಿರುತ್ತೇವೆ, ಹೊರಗೆ ಕಾವಲಿಗೆ ಇಂಥ ಬೊಂಬೆಗಳು ಮಾತ್ರ ಎಂದು ಅವನು ಹೇಳಿದ್ದ. ಆ ಮಾತನ್ನು ನಂಬಿಯೇ ಎಲ್ವಿಟಾ ನಿದ್ದೆ ಮಾಡುತ್ತಿದ್ದಳು.

"ಒಂದೇ ಕಡೆ ನಿಂತ್ರೆ ಇದು ಮನುಷ್ಯ ಅಲ್ಲಾಂತ ನವಿಲಿಗೆ ಗೊತ್ತಾಗ್ತದೆ ಮಾರಾಯ್ತಿ," ಎಂದ ಕೀತ್. "ಹಡಗಿನಲ್ಲಿಯೂ ಹಾಗೆಯೇ. ಕಳ್ಳರು ದುರ್ಬೀನಿನಲ್ಲಿ ನೋಡ್ತಾ ಇರ್ತಾರೆ. ಆಗಾಗ ಜಾಗ ಬದಲಿಸ್ತಾ ಇರ್ಬೇಕು."

ಎಲ್ವಿಟಾಳ ಕೈ ಬಳ್ಳಿಯ ಮೇಲೆಯೇ ನಿಂತಿತು. "ಬದಲಿಸ್ಲಿಕ್ಕೆ ಹೊರಗೆ ಹೋಗುದು ಯಾರು?"

ಬೊಂಬೆಯ ಅಂಗಿಗೆ ಎಲ್ಲ ಗುಂಡಿಗಳೂ ಹಾಕಿಯೇ ಇದ್ದವು. ಕೀತ್ ಅವನ್ನು ಒಂದೊಂದಾಗಿ ಬಿಚ್ಚಿ, ಮತ್ತೆ ಹಾಕತೊಡಗಿದ.