ಅಂಟಿಕೊಂಡ ಹಾಳೆಗಳು

ವಸ್ತುಗಳೂ ಸಾಕ್ಷಿ ಹೇಳಬಹುದೆಂಬ ಕಾನೂನು ಬಂದ ಮೇಲೆ ನಮ್ಮ ಕೋರ್ಟಿಗೆ ಕುರ್ಚಿ, ಬಾಗಿಲುಗಳೂ ಬರುತ್ತಿದ್ದವು. ಅವತ್ತು ನನ್ನ ಕಕ್ಷಿದಾರಳಾದ ಫಕೀರವ್ವನ ಒರಳುಕಲ್ಲಿನ ಸರದಿ. ಆಕೆ ಹೋದ ವರ್ಷವಷ್ಟೇ ಬಾಡಿಗೆಗೆ ಬಂದವಳೆಂದು ಕಟ್ಟಡದ ಮಾಲೀಕ ಹಟ ಹಿಡಿದಿದ್ದ. ಒರಳಿನ ಮಾತು ನಡೆಯದಿದ್ದರೆ ಆಕೆ ಅಲ್ಲಿ ನಡೆಸುತ್ತಿದ್ದ ಬೆಟಗೇರಿಯ ಖಾನಾವಳಿಯನ್ನು ಖಾಲಿ ಮಾಡಬೇಕಾಗುತ್ತಿತ್ತು.

"ಈಕಿ ಇಪ್ಪತ್ತೆರಡು ವರ್ಷದಿಂದ ಅಲ್ಲೇ ನನ್ನಾಗ ಚಟ್ನಿ ಅರೀತಾಳ್ರಿ," ಎಂದಿತು ಒರಳು.

ಮಾಲೀಕನ ವಕೀಲ ಹಂಚಿನಾಳ ಸಾಕ್ಷ್ಯ ಕಾನೂನಿನ ಹೊಸ ಕೈಪಿಡಿಯನ್ನು ಎತ್ತಿ ಹಿಡಿದ. "ಕಲ್ಲಿನ ಮಾತು ನಡಿಯೂದಿಲ್ರಿ ಮೇಡಂ. ಇದರಾಗ ಬರದಾರ."

"ಯಾವ ಪುಟದಾಗ?" ನ್ಯಾಯಾಧೀಶೆ ಕೇಳಿದರು.

ಅವನು ತಡಕಾಡುವಷ್ಟರಲ್ಲಿ ಕೈಪಿಡಿಯೇ ಕೆಮ್ಮಿತು. "ನಡೀತೈತಿ ಅಂತ ನಲವತ್ತನೇ ಪುಟದಾಗ ಐತ್ರಿ. ಇವ್ರು ನನ್ನ ತೆರದರ ಗೊತ್ತಾಗೂದು! ಹಾಳಿ ಇನ್ನೂ ಅಂಟಿಕೊಂಡಾವು."

ಕೋರ್ಟೇ ನಕ್ಕಿತು. ಖಾನಾವಳಿ ಉಳಿಯಿತು. ಫಕೀರವ್ವ ಒರಳನ್ನು ತಬ್ಬಿಕೊಂಡಳು.

ನ್ಯಾಯಾಧೀಶೆ ನನ್ನತ್ತ ತಿರುಗಿದರು. "ನಿಮ್ಮ ಕೈಪಿಡಿ ಎಲ್ಲೈತ್ರಿ ವಕೀಲ್ರ?"

"ಓದಿ ಓದಿ ಹರದೈತ್ರಿ ಮೇಡಂ. ಬೈಂಡಿಂಗಿಗೆ ಕೊಟ್ಟೀನಿ."

"ಇಲ್ಲೇ ಅದೀನ್ರಿ," ಎಂದಿತು ನನ್ನ ಚೀಲದೊಳಗಿಂದ ಒಂದು ದನಿ. "ನನ್ನ ಹಾಳಿನೂ ಅಂಟಿಕೊಂಡಾವು."